ಹ್ಯಾಮರಿನ ಕೆಳಗಿನ ಖಾಲಿ ಮನೆ

ಫೆಬ್ರವರಿ 4

ಅಪ್ಪನವರಿಗೆ,

ಇಲ್ಲಿ ನಿಜ ಹೇಳಿದ ಒಬ್ಬ ಮನುಷ್ಯನನ್ನು ಸುಳ್ಳುಗಾರ ಎಂದು ಕರೆದು ಕೆಲಸದಿಂದ ಹೊರಗೆ ಹಾಕಲು ಹೊರಟಿದ್ದಾರೆ. ಇದು ಅನ್ಯಾಯ! ಎರಡು ವರ್ಷದ ಮೇಲೆ ನಿಮಗೆ ಬರೆಯುತ್ತಿರುವುದು ಇದೊಂದೇ ಕಾರಣಕ್ಕೆ. ರಾಜಿಗೆ ಬಂದಳು ಎಂದುಕೊಳ್ಳಬೇಡಿ! ನನಗೆ ಬೇಕಾಗಿರುವುದು ನಿಮ್ಮ ಕಸುಬಿನ ಒಂದು ಮಾಹಿತಿ.

ನಾನೀಗ ಒಂದು ಶೀತಗೃಹದ ಯಂತ್ರಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಹಣ್ಣು, ಮೀನು, ಬೆಣ್ಣೆ ಎಲ್ಲವನ್ನೂ ಇಲ್ಲಿ ಕೆಡದಂತೆ ಕಾಪಾಡುತ್ತಾರೆ. ಕಾಪಾಡುವವರನ್ನು ಮಾತ್ರ ಯಾರೂ ಕಾಪಾಡುವುದಿಲ್ಲ! ಕಳೆದ ವರ್ಷ ಕೆಲಸಗಾರರು ನನ್ನನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿದರು.

ಗೇಟು ಕಾಯುವವನನ್ನು ಎಲ್ಲರೂ ಮೀಸೆ ಮಾವ ಎನ್ನುತ್ತಾರೆ. ಅವನ ಸೊಂಟದಲ್ಲಿ ಹಳೆಯ ಮಾಲೀಕರ ಕಾಲದ ಒಂದು ರಿವಾಲ್ವರ್ ಇರುತ್ತಿತ್ತು. ಪ್ರತಿ ಸಲವೂ ಗುಂಡಿಗೆ ಬಡಿಯುವ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು, ಆಮೇಲೆ ಟ್ರಿಗರ್ ಒತ್ತಿದರೆ ಮಾತ್ರ ಹಾರುವ ಜಾತಿಯದು. ನಿಮ್ಮ ಬಂದೂಕು ರಿಪೇರಿ ಅಂಗಡಿಯಲ್ಲಿ ಅಂಥವನ್ನು ನೋಡಿದ ನೆನಪು.

ಕಳೆದ ತಿಂಗಳ ಕೊನೆಯ ವಾರ, ಬೆಳಗಿನ ಪಾಳಿಯಲ್ಲಿ, ಹೊರೆ ಹೊರುವ ಉದ್ದಣ್ಣ ಮಂಜುಗಡ್ಡೆ ಎತ್ತುವಾಗ ಜಾರಿದ. ಹಿಡಿಯಲೆಂದು ಮಾವ ಬಗ್ಗಿದಾಗ ರಿವಾಲ್ವರ್ ಚರ್ಮದ ಚೀಲದಿಂದ ಜಾರಿ, ಹ್ಯಾಮರ್ ಕೆಳಗಾಗಿ ಕಾಂಕ್ರೀಟ್ ನೆಲಕ್ಕೆ ಬಿತ್ತು. ಬಿದ್ದದ್ದೇ ಹಾರಿತು! ಗುಂಡು ಉದ್ದಣ್ಣನ ಮೀನಖಂಡದಲ್ಲಿ ಹೊಕ್ಕು ಹೊರಬಂತು. ಪುಣ್ಯಕ್ಕೆ ಮೂಳೆ ತಾಗಿಲ್ಲ. ಮಾವ ತನ್ನ ತಲೆವಸ್ತ್ರ ಬಿಚ್ಚಿ ಕಟ್ಟಿ, ಅವನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಉದ್ದಣ್ಣ ದೂರು ಕೊಡದ ಕಾರಣ ಪೊಲೀಸರು ನೋಡಿ, ಬಂದೂಕನ್ನು ಕಂಪನಿಯ ವಶಕ್ಕೇ ಬಿಟ್ಟು ಹೋದರು.

ಮ್ಯಾನೇಜರು ಹೇಳುವುದು ಬೇರೆ: "ಬಿದ್ದ ಬಂದೂಕು ತಾನಾಗಿ ಹಾರೋಕೆ ಅದೇನು ಪಟಾಕಿನಾ? ಆಟ ಆಡೋಕೆ ಹೋಗಿ ಹ್ಯಾಮರ್ ಎಳೆದಿದ್ದಾನೆ. ಈಗ ಬಿತ್ತು ಅಂತ ಕತೆ ಕಟ್ತಿದ್ದಾನೆ." ವಿಚಾರಣೆ ನಡೆಯುತ್ತಿದೆ. ಸೋತರೆ ಮಾವನ ಕೆಲಸವೂ ಹೋಯಿತು, ಗೇಟಿನ ಪಕ್ಕದ ಅವನ ಮನೆಯೂ ಹೋಯಿತು! ಎಲ್ಲಕ್ಕಿಂತ ಹೆಚ್ಚಾಗಿ, ಹದಿನೈದು ವರ್ಷದ ಗೆಳೆಯ ಉದ್ದಣ್ಣ ಮ್ಯಾನೇಜರ ಮಾತನ್ನೇ ನಂಬಿದ್ದಾನೆ!

ಎಳೆಯದೆ, ಒತ್ತದೆ, ಅಂಥ ರಿವಾಲ್ವರ್ ಹಾರಬಲ್ಲುದೇ? ಹೌದು ಅಥವಾ ಅಲ್ಲ ಎಂದು ಬರೆದರೆ ಸಾಕು. ನಿಮ್ಮ ಕಸುಬಿನ ಬಗ್ಗೆ ಅಂದು ಊಟದ ಹೊತ್ತಿನಲ್ಲಿ ನಾನು ಹೇಳಿದ ಮಾತುಗಳಿಂದ ಒಂದಕ್ಷರವನ್ನೂ ಹಿಂದೆ ತೆಗೆದುಕೊಂಡಿಲ್ಲ!

ಇಂತು,
ನಿಮ್ಮ ಮಗಳು


ಫೆಬ್ರವರಿ 19

ಕಿಡಿ,

ನೀವು, ನಿಮ್ಮ ಎಂದು ಬರೆದಿದ್ದೀಯ. ಓದಿ ಪಕ್ಕಕ್ಕೆ ತಿರುಗಿ ನೋಡಿದೆ, ಇನ್ಯಾರಾದರೂ ಕೂತಿದ್ದಾರೋ ಎಂದು. ಅಲ್ಲಮ್ಮ, ಆ ರಿವಾಲ್ವರಿನಲ್ಲಿ ಗುಂಡು ಕೂರಲು ಇರುವುದೇ ಆರು ಮನೆ. ನಿನ್ನ ಪತ್ರದಲ್ಲಿ ಹಾರಿದ ಆಶ್ಚರ್ಯಚಿಹ್ನೆಗಳು ಅದಕ್ಕಿಂತ ಜಾಸ್ತಿ.

ಹೌದು, ಅಲ್ಲ ಎಂದು ಹೇಳುವುದಕ್ಕೆ ನಾನು ಜ್ಯೋತಿಷಿಯಲ್ಲ. ಹಾರಬಲ್ಲುದು. ಆದರೆ ಹಾರಿತೇ ಎನ್ನುವುದು ಬೇರೆ ಪ್ರಶ್ನೆ.

ಆ ಜಾತಿಯ ರಿವಾಲ್ವರಿನಲ್ಲಿ ಟ್ರಿಗರಿಗೆ ಒಂದೇ ಕೆಲಸ: ಹಿಡಿದ ಹ್ಯಾಮರನ್ನು ಬಿಡುವುದು. ಉಳಿದದ್ದೆಲ್ಲ ಹ್ಯಾಮರಿನ ಜವಾಬ್ದಾರಿ. ಅದನ್ನು ಹಿಂದಕ್ಕೆಳೆದರೆ ಗುಂಡಿನ ಉರುಳೆ ಒಂದು ಮನೆ ಮುಂದೆ ತಿರುಗುತ್ತದೆ. ಸುಮ್ಮನಿರುವಾಗ ಹ್ಯಾಮರಿನ ಮೂಗು ಕೆಳಗಿನ ಮನೆಯ ಗುಂಡಿನ ಮೇಲೇ ಕೂತಿರುತ್ತದೆ. ಆಗ ಹ್ಯಾಮರಿಗೆ ಏಟು ಬಿದ್ದರೆ, ಟ್ರಿಗರನ್ನು ಯಾರೂ ಮುಟ್ಟಬೇಕಾಗಿಲ್ಲ. ಅದಕ್ಕೇ ತಿಳಿದವರು ಐದೇ ಗುಂಡು ತುಂಬಿ, ಖಾಲಿ ಮನೆಯನ್ನು ಹ್ಯಾಮರಿನ ಕೆಳಗೆ ಬಿಡುತ್ತಾರೆ. ನಿನ್ನ ಮಾವ ಆರು ತುಂಬಿದ್ದನೋ ಐದೋ, ಮೊದಲು ಕೇಳು.

ಹ್ಯಾಮರನ್ನು ಗುಂಡಿನಿಂದ ತುಸು ಮೇಲೆತ್ತಿ ಹಿಡಿಯುವ ಒಂದು ಸಣ್ಣ ಕಚ್ಚು ಇರುತ್ತದೆ. ಕೆಲವರು ಅದನ್ನು ನಂಬಿ ಆರೂ ತುಂಬುತ್ತಾರೆ. ಕಚ್ಚು ಸವೆದಿದ್ದರೆ ಕತೆ ಮುಗಿಯಿತು. ನನಗೆ ಅನುಮಾನ ಇದರ ಮೇಲೆಯೇ. ಹ್ಯಾಮರನ್ನು ನಿಧಾನಕ್ಕೆ ಎಳೆ, ಟಿಕ್ ಎಂದು ನಾಲ್ಕು ಸಲ ಕೇಳಬೇಕು. ಮೊದಲ ಟಿಕ್ಕಿಗೆ ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳು. ಜಾರಬಾರದು.

ಮುಟ್ಟುವ ಮೊದಲು ಆರೂ ಮನೆ ಖಾಲಿ ಇವೆಯೇ ಎಂದು ಕಣ್ಣಾರೆ ನೋಡು. ಬೇರೆಯವರು ಖಾಲಿ ಎಂದರೆ ನಂಬಬೇಡ. ನಾನು ಹೇಳಿದರೂ ನಂಬಬೇಡ. ನನ್ನನ್ನು ನಂಬದಿರುವುದು ನಿನಗೆ ಕಷ್ಟವಾಗಲಾರದು.

ಅಪ್ಪ


ಮಾರ್ಚ್ 3

ಅಪ್ಪ,

ನಿನ್ನ ಅನುಮಾನ ಬಿದ್ದುಹೋಯಿತು. ನಾಲ್ಕು ಟಿಕ್ಕೂ ಕೇಳಿಸಿದವು, ಕಚ್ಚು ಜಾರಲಿಲ್ಲ.

ಪ್ರತಿನಿಧಿಗೆ ಸಾಕ್ಷ್ಯ ನೋಡುವ ಹಕ್ಕಿದೆ ಎಂದು ಅರ್ಧ ಗಂಟೆ ವಾದ ಮಾಡಿದ ಮೇಲೆ ಮ್ಯಾನೇಜರು ರಿವಾಲ್ವರನ್ನು ಮೇಜಿನ ಮೇಲಿಟ್ಟರು. ನಾನು ಆರೂ ಮನೆಗಳನ್ನು ಬೆಳಕಿಗೆ ಹಿಡಿದು ನೋಡಿ, ಹ್ಯಾಮರಿಗೆ ಕಿವಿಗೊಟ್ಟು ಕೂತಾಗ, "ಏನಮ್ಮಾ, ಗಡಿಯಾರ ರಿಪೇರಿನಾ?" ಎಂದು ಕೇಳಿದರು. "ಹೌದು ಸಾರ್, ನಿಮ್ಮ ಕಾಲ ಎಷ್ಟು ಉಳಿದಿದೆ ನೋಡ್ತಿದ್ದೀನಿ" ಎಂದೆ. ಹಾಗೆ ಹೇಳಬಾರದಿತ್ತು. ಹೇಳಿದ್ದಕ್ಕೆ ಬೇಸರವೇನೂ ಇಲ್ಲ.

ಮಾವನ ಮನೆಗೆ ಹೋಗಿ ಆರೋ ಐದೋ ಎಂದು ಕೇಳಿದೆ. ಅವನಿಗೆ ಸಿಟ್ಟೇ ಬಂತು. "ಐದು! ಖಾಲಿ ಮನೆ ಕೆಳಗೆ ಬಿಟ್ಟೇ ಸೊಂಟಕ್ಕೆ ಕಟ್ಕೊಳ್ಳೋದು. ಕಲಿಸಿದೋರು ಹಾಗೇ ಕಲಿಸಿದ್ದು. ಬೇಕಾದ್ರೆ ಹೆಂಡ್ತಿ ಮೇಲೆ ಆಣೆ ಇಡ್ತೀನಿ."

ಒಳಗಿನಿಂದ ಅತ್ತೆಯ ದನಿ ಬಂತು: "ನನ್ನ ತಲೆ ಯಾಕೆ ಬೇಕು? ನಿಮ್ಮ ಮೀಸೆ ಮೇಲೆ ಇಡಿ."

"ಆಯ್ತು, ಮೀಸೆ ಮೇಲಾಣೆ" ಎಂದ ಮಾವ. ಅವನ ಮಟ್ಟಿಗೆ ಅದು ದೊಡ್ಡ ಆಣೆ.

ಆದರೆ ಈ ನಿಜವೇ ಅವನ ಕುತ್ತಿಗೆಗೆ ಬಂದಿದೆ. ಬಂದೂಕಿನಲ್ಲಿ ಐದೇ ಗುಂಡು ಇತ್ತೆಂದು ಮ್ಯಾನೇಜರೂ ಒಪ್ಪುತ್ತಾರೆ. ಒಪ್ಪಿ ಕೇಳುತ್ತಾರೆ: "ಕೆಳಗೆ ಖಾಲಿ ಮನೆ ಇದ್ದರೆ ನೂರು ಸಲ ಬಿದ್ದರೂ ಹಾರಬಾರದು. ಹಾರಿದೆ. ಅಂದ್ರೆ ಉರುಳೆ ತಿರುಗಿದೆ. ಹ್ಯಾಮರ್ ಎಳೀದೆ ಉರುಳೆ ತಿರುಗಲ್ಲ. ಎಳೆದೋರು ಯಾರು? ನಾನಾ?"

ಇದಕ್ಕೆ ಉತ್ತರ ನಾನು ಓದಿದ ಯಾವ ಕರಪತ್ರದಲ್ಲೂ ಇರಲಿಲ್ಲ. ನಿನ್ನ ಹತ್ತಿರ ಇದೆಯೇ?

ಉದ್ದಣ್ಣ ಕೋಲು ಹಿಡಿದು ನಡೆಯುತ್ತಿದ್ದಾನೆ. ಮಾವ ಕಳಿಸಿದ ಹಣ್ಣನ್ನು ಮುಟ್ಟದೆ ವಾಪಸ್ ಕಳಿಸಿದನಂತೆ.

ಮಗಳು


ಮಾರ್ಚ್ 15

ಕಿಡಿ,

ನನ್ನ ಊಹೆ ತಪ್ಪಿತು, ಒಪ್ಪಿದೆ. ನೋಡದ ಬಂದೂಕಿಗೆ ಔಷಧಿ ಹೇಳಿದರೆ ಹೀಗೇ.

ನಿಮ್ಮ ಮ್ಯಾನೇಜರು ದಡ್ಡರಲ್ಲ. ಅವರ ಲೆಕ್ಕ ಸರಿಯಾಗಿದೆ, ಆದರೆ ಒಂದು ತುಂಡನ್ನು ಮರೆತಿದ್ದಾರೆ. ಉರುಳೆಯ ಮೈಮೇಲೆ ಸುತ್ತಲೂ ಚಿಕ್ಕ ಗುಳಿಗಳಿರುತ್ತವೆ. ಕೆಳಗಿನ ಚೌಕಟ್ಟಿನಿಂದ ಉಗುರಿನಷ್ಟು ಉಕ್ಕು ಮೇಲೆದ್ದು ಆ ಗುಳಿಯಲ್ಲಿ ಕೂತು, ಉರುಳೆ ಅಲುಗದಂತೆ ಹಿಡಿಯುತ್ತದೆ. ಅಂಗಡಿಯಲ್ಲಿ ನಾವು ಅದನ್ನು ಚಿಲಕ ಎನ್ನುತ್ತೇವೆ. ಅದನ್ನು ಎಬ್ಬಿಸುವುದು ಒಂದು ತೆಳು ಪಟ್ಟಿ ಸ್ಪ್ರಿಂಗ್. ಈ ಜಾತಿಯ ರಿವಾಲ್ವರಿನಲ್ಲಿ ಎಲ್ಲಕ್ಕಿಂತ ಮೊದಲು ಮುರಿಯುವುದು ಅದೇ. ಚಿಲಕ ಏಳದಿದ್ದರೆ ಉರುಳೆಗೆ ಯಜಮಾನನೇ ಇಲ್ಲ. ಸಡಿಲ ಚೀಲದಲ್ಲಿ ಸೊಂಟಕ್ಕೆ ಉಜ್ಜುತ್ತಾ ತಾನೇ ತಿರುಗುತ್ತದೆ. ಬೆಳಿಗ್ಗೆ ಬಿಟ್ಟ ಖಾಲಿ ಮನೆ ಮಧ್ಯಾಹ್ನಕ್ಕೆ ಎಲ್ಲಿದೆಯೋ!

ಹಾರಿದ ಗುಂಡು ಖಾಲಿ ಮನೆಯ ಪಕ್ಕದ್ದೋ ಅದರಾಚೆಯದ್ದೋ ಎಂದು ಗುಂಡುಗಳನ್ನು ಹೊರತೆಗೆಯುವ ಮೊದಲು ಯಾರಾದರೂ ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಒಂದು ಸಲ ಹ್ಯಾಮರ್ ಎಳೆದರೆ ಒಂದೇ ಮನೆ ಮುಂದೆ ಹೋಗುವುದು. ಆದರೆ ಗಲಾಟೆಯಲ್ಲಿ ಎಲ್ಲವನ್ನೂ ಸುರಿದಿರುತ್ತಾರೆ. ಹೋಗಲಿ.

ಖಾಲಿ ಬಂದೂಕು ತೆಗೆದುಕೊ. ಗುಂಡು ತುಂಬುವವನು ಮಾಡುವ ಹಾಗೆ ಹ್ಯಾಮರನ್ನು ಅರ್ಧ ಎಳೆದು ಉರುಳೆ ತಿರುಗಿಸು, ಆಗ ಚಿಲಕ ಕೆಳಗಿಳಿದಿರುತ್ತದೆ. ಆಮೇಲೆ ಪೂರ್ತಿ ಎಳೆದು, ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸು. ಈಗ ಉರುಳೆಯನ್ನು ಬೆರಳಿನಿಂದ ತಿರುಗಿಸಿ ನೋಡು. ತಿರುಗಿದರೆ ನಿನ್ನ ಮಾವ ಹೇಳಿದ್ದು ನಿಜ.

ಒಬ್ಬಳೇ ಮೊದಲು ನೋಡು. ಆಮೇಲೆ ನಾಲ್ಕು ಜನರ ಮುಂದೆ.

ಅಪ್ಪ


ಮಾರ್ಚ್ 31

ಅಪ್ಪ,

ಒಬ್ಬಳೇ ಮೊದಲು ನೋಡಲಿಲ್ಲ.

ನಿನ್ನ ಪತ್ರ ಬಂದ ಮರುದಿನವೇ ವಿಚಾರಣೆ ಇತ್ತು. ನಿಜ ನಮ್ಮ ಕಡೆ ಇರುವಾಗ ರಿಹರ್ಸಲ್ ಯಾತಕ್ಕೆ ಎಂದುಕೊಂಡೆ. ಮ್ಯಾನೇಜರು, ಮಾಲೀಕರ ವಕೀಲರು, ಕಿಟಕಿಯ ಹೊರಗೆ ಇಪ್ಪತ್ತು ಮೂವತ್ತು ಕೆಲಸಗಾರರು. ನಾನು ಎದ್ದು ನಿಂತು ದುಡಿಯುವವನ ಮಾತಿಗೆ ಬೆಲೆ ಇಲ್ಲದ ಈ ವ್ಯವಸ್ಥೆಯ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಕೊನೆಗೆ "ನೋಡಿ, ಉರುಳೆ ತಾನಾಗಿ ತಿರುಗುತ್ತದೆ!" ಎಂದು ನೀನು ಹೇಳಿದ ಹಾಗೆಯೇ ಮಾಡಿ, ಬೆರಳಿಟ್ಟು ತಳ್ಳಿದೆ.

ಅಲುಗಲಿಲ್ಲ. ಬಂಡೆಯ ಹಾಗೆ ಕೂತಿತ್ತು. ಎರಡೂ ಹೆಬ್ಬೆರಳು ಹಾಕಿ ತಳ್ಳಿದೆ, ಉಗುರು ಮುರಿಯಿತು. ವಕೀಲರು ನೀರು ಕುಡಿಯುವ ನೆವದಲ್ಲಿ ನಗು ಮುಚ್ಚಿಕೊಂಡರು. ಮ್ಯಾನೇಜರು, "ಭಾಷಣ ತಿರುಗಿದಷ್ಟು ಸುಲಭಕ್ಕೆ ಉರುಳೆ ತಿರುಗಲ್ಲ ಕಣಮ್ಮಾ" ಎಂದರು. ಕಿಟಕಿಯ ಹೊರಗಿನವರೂ ನಕ್ಕರು. ನಮ್ಮವರೇ!

ಹೊರಗೆ ಬಂದಾಗ ಮಾವನೇ ನನಗೆ ಸಮಾಧಾನ ಹೇಳಿದ. "ಬಿಡು ಮಗಾ, ನಾನೇ ಎಳೆದೆ ಅಂತ ಒಪ್ಕೊಂಡ್ರೆ ಕೆಲಸ ಹೋದ್ರೂ ಮನೆಯಲ್ಲಿ ಇನ್ನೊಂದು ಆರು ತಿಂಗಳು ಇರಬಹುದಂತೆ. ವಕೀಲರು ಹೇಳಿದ್ರು."

"ಮಾಡದ್ದನ್ನು ಒಪ್ಕೋತೀಯಾ?" ಎಂದೆ.

"ಇಪ್ಪತ್ತು ಜನ ನಗೋವಾಗ ಮಾಡಿದ್ದು ಯಾವುದು, ಮಾಡದ್ದು ಯಾವುದು ಅಂತ ನನಗೇ ಗೊತ್ತಾಗ್ಲಿಲ್ಲ" ಎಂದ.

ಅವನು ಒಪ್ಪಿ ಸಹಿ ಹಾಕುವ ಮೊದಲು ನನಗೆ ಸ್ವಲ್ಪ ಸಮಯ ಸಿಕ್ಕಿದೆ ಅಷ್ಟೆ. ನಿನ್ನ ಊಹೆಗಳಿಂದ ಒಬ್ಬ ಮನುಷ್ಯನ ಮಾನ ಹೋಗುತ್ತಿದೆ. ಇನ್ನು ಬರೆಯಬೇಡ.

ಮಗಳು


ಏಪ್ರಿಲ್ 9

ಕಿಡಿ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಹೇಳಿದ ಮಾತು ಕೇಳದಿರುವುದು ನಮ್ಮ ವಂಶದಲ್ಲಿ ನಿನ್ನಿಂದ ಶುರುವಾದದ್ದಲ್ಲ.

ಹಲ್ಲುನೋವು ವೈದ್ಯರ ಬಾಗಿಲಿಗೆ ಹೋದ ಕೂಡಲೇ ನಿಲ್ಲುತ್ತದೆ. ಹಾಗೆಂದು ನೋವೇ ಇರಲಿಲ್ಲ ಎನ್ನಲಾಗುತ್ತದೆಯೇ? ಸ್ಪ್ರಿಂಗ್ ಮುರಿದಿದ್ದರೆ ಯಾವಾಗಲೂ ತಿರುಗಬೇಕಿತ್ತು. ತಿರುಗಲಿಲ್ಲ, ಅಂದರೆ ಸ್ಪ್ರಿಂಗ್ ಮುರಿದಿಲ್ಲ. ಆದರೆ ಮುರಿಯದ ಸ್ಪ್ರಿಂಗಿಗೂ ಕೆಲವೊಮ್ಮೆ ಶಕ್ತಿ ಸಾಲದೆ ಹೋಗುತ್ತದೆ. ಯಾವಾಗ, ಯಾಕೆ ಎಂದು ಹುಡುಕುವುದೇ ನಮ್ಮ ಕೆಲಸ.

ಇವಿಷ್ಟು ಹೇಳು. ಅವಘಡದ ದಿನದವರೆಗೆ ಬಂದೂಕನ್ನು ಎಲ್ಲಿ ಇಡುತ್ತಿದ್ದರು? ಈಗ ಎಲ್ಲಿದೆ? ಮಾವ ಗುಂಡು ತುಂಬುತ್ತಿದ್ದ ಜಾಗ ಯಾವುದು? ಒಳಗೆ ಯಾವ ಎಣ್ಣೆ ಹಾಕುತ್ತಿದ್ದ? ಇಲ್ಲಿ ಯಾರ ಮೇಲೂ ಭಾಷಣ ಬೇಡ, ಬರೀ ಉತ್ತರ ಸಾಕು.

ಮುರಿದ ಉಗುರಿಗೆ ಬಟ್ಟೆ ಸುತ್ತಿಕೊ. ಯಂತ್ರದ ಹತ್ತಿರ ಕೀವಾದರೆ ಕಷ್ಟ.

ಅಪ್ಪ


ಏಪ್ರಿಲ್ 22

ಅಪ್ಪ,

ನಿನ್ನ ಪ್ರಶ್ನೆಗಳನ್ನು ಓದುತ್ತಾ ಓದುತ್ತಾ ಯಂತ್ರಕೋಣೆಯಲ್ಲೇ ಕೂತುಬಿಟ್ಟೆ. ಉತ್ತರ ನಾನು ದಿನಾ ಹಾದುಹೋಗುವ ದಾರಿಯಲ್ಲೇ ಇತ್ತು.

ಗೇಟಿನಿಂದ ಮಂಜಿನ ಕೋಣೆಗಳಿಗೆ ಹೋಗಲು ಒಂದು ಓಣಿ ಇದೆ. ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಆ ಓಣಿಯ ಗೋಡೆಯಲ್ಲಿ ಹಳೆಯ ಕಬ್ಬಿಣದ ಕಪಾಟು ಇದೆ. ಗಟ್ಟಿ ಬೀಗ ಇರುವ ಕಪಾಟು ಅದೊಂದೇ ಎಂದು ಬಂದೂಕನ್ನು ಅಲ್ಲಿಡಲು ಕಂಪನಿಯೇ ಹೇಳಿತ್ತು. ಮಾವ ಬೆಳಿಗ್ಗೆ ಅಲ್ಲೇ ನಿಂತು, ಮಂಜಿನಂತೆ ಕೊರೆಯುವ ಬಂದೂಕಿಗೆ ಗುಂಡು ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಅವಘಡದ ನಂತರ ಅದನ್ನು ಮ್ಯಾನೇಜರ ಕೋಣೆಗೆ ತಂದರು. ನಾನು ಎರಡು ಸಲ ಪರೀಕ್ಷೆ ಮಾಡಿದ್ದೂ ಅಲ್ಲೇ. ಅಲ್ಲಿ ಅಂಗಿ ಬೆವರುತ್ತದೆ.

ಆಮೇಲೆ ಎಣ್ಣೆ. ಮಾವ ಹೆಮ್ಮೆಯಿಂದ ಹೇಳಿದ: "ಎಣ್ಣೆ ಕೊಡಿ ಅಂತ ಎಷ್ಟು ಸಲ ಕೇಳಿದ್ರೂ ಕೊಡ್ಲಿಲ್ಲ. ಒಣಗಿ ತುಕ್ಕು ಹಿಡಿಯುತ್ತಲ್ಲ ಅಂತ ನಿಮ್ಮ ಯಂತ್ರಕೋಣೆಯ ಗ್ರೀಸೇ ತಂದು ಒಳಗೆ ಚೆನ್ನಾಗಿ ಮೆತ್ತಿದ್ದೆ. ಉರುಳೆಯ ಅಚ್ಚಿಗೆ ಹಾಕ್ಲಿಲ್ಲ, ಧೂಳು ಹಿಡಿಯುತ್ತೆ. ಕೆಳಗಿನ ಸಂದಿಗೆ ಪೂರ್ತಿ ತುಂಬಿದೆ. ಮಗು ಥರ ನೋಡ್ಕೊಂಡಿದ್ದೀನಿ."

ಆ ಗ್ರೀಸು ಗೊತ್ತಲ್ಲ, ಅದು ದೊಡ್ಡ ಬೇರಿಂಗುಗಳಿಗೆ. ಓಡುತ್ತಾ ಬಿಸಿಯಾಗುವ ಯಂತ್ರಕ್ಕೆ ಸರಿ. ಚಳಿಯ ಓಣಿಯಲ್ಲಿ ಡಬ್ಬಿ ಮರೆತರೆ ಅದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ. ತೆಳು ಪಟ್ಟಿಯ ಸ್ಪ್ರಿಂಗ್ ಅದರೊಳಗಿನಿಂದ ಚಿಲಕವನ್ನು ಹೇಗೆ ಎಬ್ಬಿಸೀತು? ಚಿಲಕ ಕೆಳಗೇ ಅಂಟಿಕೊಂಡಿತ್ತು, ಉರುಳೆ ತನ್ನ ಪಾಡಿಗೆ ತಿರುಗಿತು, ಖಾಲಿ ಮನೆ ಪಕ್ಕಕ್ಕೆ ಹೋಯಿತು. ಹೌದಲ್ಲವೇ ಅಪ್ಪ?

ಹೌದಾದರೆ ನನಗೆ ಹೊಸ ಕಷ್ಟ. ಗ್ರೀಸು ಮೆತ್ತಿದ್ದು ಮಾವನೇ. ಅದು ಹೊರಗೆ ಬಂದರೆ ವಕೀಲರು ಬಿಡುತ್ತಾರೆಯೇ? ಮಾವನಿಗೆ ಇದನ್ನು ಇನ್ನೂ ಹೇಳಿಲ್ಲ. ಎದುರಾಳಿಯ ಕೈಗೆ ಕೋಲು ಕೊಡಬಾರದು ಎಂದು ನಾನು ಓದಿದ್ದೇನೆ. ಚಳಿಯಿಂದ ಹಾಗಾಯಿತು ಎಂದಷ್ಟೇ ಹೇಳಿ ಗ್ರೀಸಿನ ಮಾತು ಬಿಟ್ಟರೆ ಆಗದೇ? ಬರೀ ಚಳಿಗೂ ಚಿಲಕ ನಿಲ್ಲಬಹುದು ಎಂದು ನೀನು ಒಂದು ಸಾಲು ಬರೆದುಕೊಟ್ಟರೆ ಸಾಕು.

ಕಿಡಿ

ಒಂದು ಮಾತು. ನಿನ್ನ ಕೊನೆಯ ಪತ್ರದಲ್ಲಿ ಸಾಲುಗಳು ಗೆರೆ ಬಿಟ್ಟು ಇಳಿದಿವೆ. ಅವಸರದಲ್ಲಿ ಬರೆದೆಯಾ?


ಮೇ 2

ಕಿಡಿ,

ನಿನ್ನ ಊಹೆ ನನ್ನ ಎರಡು ಊಹೆಗಳಿಗಿಂತ ಚೆನ್ನಾಗಿದೆ. ಆದರೆ ಇನ್ನೂ ಊಹೆಯೇ. ಬಂದೂಕನ್ನು ಸಂಜೆಯಿಂದ ಬೆಳಗಿನವರೆಗೆ ಅದೇ ಕಪಾಟಿನಲ್ಲಿ ಖಾಲಿ ಇಟ್ಟು, ಅಲ್ಲೇ ನಿಂತು, ಮಾವ ಮಾಡುತ್ತಿದ್ದ ಹಾಗೆಯೇ ಮಾಡಿ ನೋಡಬೇಕು. ಎಲ್ಲರ ಎದುರು ಬೀಗ ಹಾಕಿಸು. ಬೀಗದ ಕೈ ಅವರಲ್ಲೇ ಇರಲಿ.

ನೀನು ಕೇಳಿದ ಸಾಲನ್ನು ಬರೆದುಕೊಡುವುದಿಲ್ಲ. ಬರೀ ಚಳಿಗೆ ಚಿಲಕ ನಿಲ್ಲುವುದಿಲ್ಲ. ಬಂದೂಕು ಬಿಚ್ಚಿದ ಮೊದಲ ನಿಮಿಷದಲ್ಲೇ ಗ್ರೀಸು ಕಾಣುತ್ತದೆ. ಆಗ ನಿನ್ನ ಮಾವ ನಿಜಕ್ಕೂ ಸುಳ್ಳುಗಾರನಾಗುತ್ತಾನೆ, ಮಾಡಿದವಳು ನೀನು. ಅವನ ಮೇಲಿರುವ ಆರೋಪ ಏನು? ಆಟವಾಡಿದ, ಸುಳ್ಳು ಹೇಳಿದ ಎಂದು. ಗ್ರೀಸು ಮೆತ್ತಿದವನು ಆಟವಾಡಿದವನಲ್ಲ, ತಿಳಿಯದೆ ಹೆಚ್ಚು ಜೋಪಾನ ಮಾಡಿದವನು. ಬಂದೂಕು ಕೊಟ್ಟು ಎಣ್ಣೆ ಕೊಡದವರ ಪಾಲು, ಮಂಜಿನಲ್ಲಿ ಇಡಿಸಿದವರ ಪಾಲು, ಅದೂ ಜೊತೆಗೆ ಬರುತ್ತದೆ. ಇನ್ನೊಂದು ವಿಷಯ. ಗುಂಡು ತಿಂದವನು ಉದ್ದಣ್ಣ. ತನ್ನ ಕಾಲಿಗೆ ಏನಾಯಿತು ಎಂಬ ಪೂರ್ತಿ ನಿಜ ಅವನಿಗೆ ಸೇರಬೇಕು, ಅರ್ಧ ಅಲ್ಲ.

(ಕೂಸೇ, ಇದು ಅಮ್ಮನ ಅಕ್ಷರ ಎಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ, ಹೇಳದ್ದನ್ನೂ ಬರೆಯುತ್ತೇನೆ. ಅವಸರವೂ ಇಲ್ಲ, ಮಣ್ಣೂ ಇಲ್ಲ. ಬಲಗೈ ನಡುಗುತ್ತದೆ. ಚಳಿಗಾಲದ ಮೊದಲಿನಿಂದ. ಮಾತ್ರೆ ಕೊಟ್ಟಿದ್ದಾರೆ. ಅಂಗಡಿಯ ಬಾಗಿಲು ಅರ್ಧ ತೆಗೆಯುತ್ತಾರೆ, ಹಳೆಯ ಗಿರಾಕಿಗಳಿಗೆ ಬಾಯಲ್ಲಿ ರಿಪೇರಿ ಹೇಳಿ ಕಳಿಸುತ್ತಾರೆ. ನಿನಗೆ ಬರೆದ ಮೂರು ಪತ್ರಗಳನ್ನು ಒಂದೊಂದಕ್ಕೂ ನಾಲ್ಕು ಹಾಳೆ ಹರಿದು ಬರೆದರು. ಏನು ಗೀಚುತ್ತಿದ್ದೀಯ, ನಾನು ಅಷ್ಟು ಉದ್ದ ಹೇಳಲಿಲ್ಲವಲ್ಲ ಎಂದು ಈಗ ಕೇಳುತ್ತಿದ್ದಾರೆ. ನಿಮ್ಮ ಮಾತು ದಪ್ಪ, ಬರೆದರೆ ಜಾಗ ಹಿಡಿಯುತ್ತದೆ ಎಂದೆ.)

ಬೇರೇನೂ ವಿಶೇಷವಿಲ್ಲ. ಎಲ್ಲರೂ ಕ್ಷೇಮ.

ಅಪ್ಪ
(ಮತ್ತು ಅಮ್ಮ)


ಮೇ 24

ಅಪ್ಪ, ಅಮ್ಮ,

ಇಬ್ಬರಿಗೂ ಬರೆಯುತ್ತಿದ್ದೇನೆ. ಯಾರು ಓದುತ್ತಿದ್ದೀರೋ, ಜೋರಾಗಿ ಓದಿ.

ಮಾವನಿಗೆ ಗ್ರೀಸಿನ ವಿಷಯ ಹೇಳಿದೆ. ನಾನು ಕಂಪನಿಯ ತಪ್ಪುಗಳನ್ನು ಹೇಳುತ್ತಾ ಹೋದೆ. "ಸುಮ್ನಿರು ಮಗಾ" ಎಂದು ಅವನು ಚಪ್ಪಲಿ ಮೆಟ್ಟಿ ಹೊರಟ. ನೇರ ಉದ್ದಣ್ಣನ ಮನೆಗೆ. ನಾನು ಹಿಂದೆ ಓಡಿದೆ.

ಉದ್ದಣ್ಣ ಬಾಗಿಲಲ್ಲಿ ಕಾಲು ನೀಡಿ ಕೂತಿದ್ದ. ನೋಡಿದವನೇ ಮುಖ ತಿರುಗಿಸಿದ. ಮಾವ ಮೆಟ್ಟಿಲ ಕೆಳಗೇ ನಿಂತು ಹೇಳಿದ: "ನಾನು ಹ್ಯಾಮರ್ ಎಳೀಲಿಲ್ಲ. ಆದ್ರೆ ಗ್ರೀಸ್ ಮೆತ್ತಿದೋನು ನಾನೇ. ಅದ್ರಿಂದಾನೇ ಹಿಂಗಾಯ್ತು ಅಂತ ಈ ಹುಡುಗಿ ಹೇಳ್ತಾಳೆ. ವಿಚಾರಣೆಯಲ್ಲಿ ಹೇಳೋಕೆ ಮುಂಚೆ ನಿಂಗೆ ಹೇಳಬೇಕು ಅನ್ನಿಸ್ತು."

ಉದ್ದಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮೀಸೆಗೆ ಹಚ್ಚೋದನ್ನ ಬಂದೂಕಿಗೆ ಹಚ್ಚಿದೆಯಾ?"

"ಅದಕ್ಕಿಂತ ದಪ್ಪದ್ದು."

"ಥೂ ನಿನ್ನ. ನಾಲ್ಕು ತಿಂಗಳಿಂದ ಹೇಳೋಕೆ ಏನಾಗಿತ್ತು?"

"ಗೊತ್ತಿರ್ಲಿಲ್ಲ ಕಣೋ."

"ನಂಬಲ್ಲ. ಕಣ್ಣಲ್ಲಿ ನೋಡಿದ್ರೆ ನಂಬ್ತೀನಿ" ಎಂದ. ಆದರೂ ಒಳಗಿನಿಂದ ಸ್ಟೂಲು ತರಿಸಿ ಹಾಕಿಸಿದ. ಮಾವ ಕೂರಲಿಲ್ಲ. ಕೂರುವ ದಿನ ಬರಲಿ ಎಂದುಕೊಂಡನೇನೋ.

ಮರುದಿನ ಎಲ್ಲವನ್ನೂ ನಾನು ಮ್ಯಾನೇಜರಿಗೆ ಬಾಯಿಬಿಟ್ಟು ಹೇಳಿದೆ, ಗ್ರೀಸು ಸಮೇತ. ಈ ಸಲ ಭಾಷಣವಿರಲಿಲ್ಲ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಇದನ್ನ ಮುಚ್ಚಿಡಬಹುದಿತ್ತಲ್ಲ ನೀನು?" ಎಂದರು. "ಬಹುದಿತ್ತು" ಎಂದೆ. ಕಪಾಟಿನಲ್ಲಿ ಇಡಲು ಒಪ್ಪಿದರು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

ಬೆಳಿಗ್ಗೆ ಓಣಿಯಲ್ಲಿ ನಾವು ನಾಲ್ಕೇ ಜನ: ಮ್ಯಾನೇಜರು, ಮಾವ, ಉದ್ದಣ್ಣ, ನಾನು. ಉದ್ದಣ್ಣ ಕೋಲೂರಿಕೊಂಡು ಬಂದಿದ್ದ. ಆರೂ ಮನೆ ಖಾಲಿ ಇವೆಯೆಂದು ಒಬ್ಬೊಬ್ಬರಾಗಿ ನೋಡಿದೆವು. ನಾನು ಹ್ಯಾಮರ್ ಅರ್ಧ ಎಳೆದೆ, ತಿರುಗಿಸಿದೆ, ಪೂರ್ತಿ ಎಳೆದೆ, ಇಳಿಸಿದೆ. ಬೆರಳಿಡಲು ಧೈರ್ಯವಾಗಲಿಲ್ಲ, ಅಪ್ಪ. ಹೋದ ಸಲದ ನಗು ಕಿವಿಯಲ್ಲೇ ಇತ್ತು. ಆಗ ಉದ್ದಣ್ಣ, "ತಾ ಇಲ್ಲಿ" ಎಂದು ಕೋಲನ್ನು ಮಾವನ ಕೈಗೆ ಕೊಟ್ಟು, ತನ್ನ ಹೆಬ್ಬೆರಳು ಇಟ್ಟ.

ತಿರುಗಿತು. ತಳ್ಳಬೇಕಾಗಿಯೂ ಇರಲಿಲ್ಲ. ಬೀಸುವ ಕಲ್ಲಿನ ಹಾಗೆ ಸಲೀಸಾಗಿ ಒಂದು ಸುತ್ತು, ಇನ್ನೊಂದು ಸುತ್ತು. ಉದ್ದಣ್ಣ ತಿರುಗಿಸುತ್ತಲೇ ಇದ್ದ, ನಿಲ್ಲಿಸಲಿಲ್ಲ. ಆಮೇಲೆ ಮಾವನ ಕಡೆ ನೋಡದೆ ಹೇಳಿದ: "ನನ್ನ ಕೋಲು ಗಟ್ಟಿಯಾಗಿ ಹಿಡ್ಕೊ. ಅದನ್ನೂ ಬೀಳಿಸಬೇಡ." ಮಾವ ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದ. ಅವನ ಮೀಸೆ ಒದ್ದೆಯಾಗಿತ್ತು. ಓಣಿಯ ಚಳಿಗೆ ಹಾಗಾಗಿದೆ ಎಂದು ನಾವೆಲ್ಲ ಒಪ್ಪಿಕೊಂಡೆವು.

ಆದರೆ ಮುಗಿದಿಲ್ಲ. ವಕೀಲರಿಗೆ ಈಗ ಬೇರೆ ಪ್ರಶ್ನೆ: ಒಳಗೆ ಇರುವುದು ಗ್ರೀಸೇ ಎನ್ನುವುದಕ್ಕೆ, ನಡುವೆ ಯಾರೂ ಕೈಯಾಡಿಸಿಲ್ಲ ಎನ್ನುವುದಕ್ಕೆ ಏನು ಆಧಾರ? ಕಸುಬು ಗೊತ್ತಿದ್ದವರ ಎದುರು ಬಿಚ್ಚಿ ತೋರಿಸಿದರೆ ಆರೋಪ ಕೈಬಿಡುತ್ತೇವೆ, ಕಪಾಟನ್ನೂ ಬದಲಿಸುತ್ತೇವೆ ಎಂದು ಮ್ಯಾನೇಜರು ಎಲ್ಲರ ಮುಂದೆ ಹೇಳಿದ್ದಾರೆ. ವಿಚಾರಣೆ ಜೂನ್ 11, ಗುರುವಾರ. ಮಾವ ಸಹಿ ಹಾಕಿಲ್ಲ. ಹಾಕುವುದಿಲ್ಲ.

ಅಪ್ಪ, ನೀನು ಬರಬೇಕು. ಕೈ ನಡುಗುತ್ತದೆ ಎಂದು ನೆಪ ಹೇಳಬೇಡ, ಅಮ್ಮ ಬರೆದದ್ದನ್ನು ಹತ್ತು ಸಲ ಓದಿದ್ದೇನೆ. ನಿನ್ನ ಕೈ ನಡುಗಲಿ. ನನಗೆ ಎರಡು ಕೈ ಇವೆ, ಎರಡೂ ನೆಟ್ಟಗಿವೆ. ತಿರುಪು ಮೊಳೆ ಯಾವುದು, ಎತ್ತ ತಿರುಗಿಸಬೇಕು ಎಂದು ನೀನು ಹೇಳು, ನಾನು ಬಿಚ್ಚುತ್ತೇನೆ.

ಬಂದೂಕುಗಳ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಮಾವ ಇನ್ನು ಮೇಲೆ ಬರೀ ಲಾಠಿ ಹಿಡಿದು ಗೇಟು ಕಾಯಲಿ ಎಂದು ವಿಚಾರಣೆಯಲ್ಲಿ ಕೇಳುವವಳಿದ್ದೇನೆ. ಅದರ ಬಗ್ಗೆ ನಿನ್ನ ಜೊತೆ ಜಗಳವಾಡಬೇಕು. ಎದುರು ಕೂತು ಆಡಬೇಕು, ಪತ್ರದಲ್ಲಿ ಅಲ್ಲ.

ಕಿಡಿ


ಮೇ 31

ಕಿಡಿ,

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಕುಣಿಯಲಿ, ಓದಿಕೊ. ಅಮ್ಮನಿಗೆ ಕೊಟ್ಟರೆ ಮಧ್ಯೆ ಏನು ಸೇರಿಸುತ್ತಾಳೋ.

ನೆಪ ಹೇಳಲೆಂದೇ ಕೂತಿದ್ದೆ. ಅಂಗಡಿ ಬಿಟ್ಟು ಬರುವುದು ಹೇಗೆ ಎಂದು ಒಂದು ಸಾಲು ಬರೆದೂ ಆಗಿತ್ತು. ಅಮ್ಮ ಹಾಳೆಯನ್ನು ಎತ್ತಿಕೊಂಡು ಹೋಗಿ ಒಲೆಗೆ ಹಾಕಿದಳು.

ಗುರುವಾರಕ್ಕೆ ಗುರುವಾರವೇ ಬಂದರೆ ಆಗದು. ಆ ರಿವಾಲ್ವರಿನ ತಿರುಪು ಮೊಳೆಗಳ ತಲೆಯ ಸೀಳು ಕೂದಲಿನಷ್ಟು ತೆಳು. ಅವಸರದವರ ಕೈಗೆ ಸಿಕ್ಕರೆ ಕಿತ್ತುಹೋಗುತ್ತದೆ, ಕಿತ್ತುಹೋದರೆ ವಕೀಲರು ಮತ್ತೆ ನೀರು ಕುಡಿಯುತ್ತಾರೆ. ನನ್ನ ಹತ್ತಿರ ಅದೇ ಜಾತಿಯ ಒಂದು ಕೆಟ್ಟ ಚೌಕಟ್ಟು ಇದೆ, ನಳಿಗೆ ಇಲ್ಲ, ಯಾರಿಗೂ ಅಪಾಯವಿಲ್ಲ. ಅದನ್ನೂ ಚಿಕ್ಕ ತಿರುಪುಳಿಗಳನ್ನೂ ತರುತ್ತೇನೆ. ಬುಧವಾರ ಇಡೀ ದಿನ ನೀನು ಬಿಚ್ಚಬೇಕು, ಜೋಡಿಸಬೇಕು, ನಾನು ಬೈಯಬೇಕು. ರಜೆ ಹಾಕು. ಜಗಳವನ್ನೂ ಆಗಲೇ ಮುಗಿಸೋಣ, ಇಲ್ಲದಿದ್ದರೆ ಉಳಿಸಿಕೊಳ್ಳೋಣ.

ಅಮ್ಮನೂ ಹೊರಟಿದ್ದಾಳೆ. ಮಾವನ ಮನೆಯಲ್ಲಿ ಇಬ್ಬರಿಗೆ ಮಲಗಲು ಜಾಗ ಕೇಳು. ಉದ್ದಣ್ಣನಿಗೆ ಹೇಳು, ಕಾಲಿನ ಗಾಯ ನೋಡಬೇಕೆಂದು ಒಬ್ಬ ಬಂದೂಕಿನವನು ಬರುತ್ತಿದ್ದಾನೆ, ಅವನ ಕೈ ನಡುಗಿದರೆ ನಗಬಾರದು.

ಜೂನ್ 9, ಮಂಗಳವಾರ, ಸಂಜೆ ನಾಲ್ಕು ಗಂಟೆಗೆ ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತೇವೆ. ಬಂದು ನಿಂತಿರು.

ಅಪ್ಪ